ಡಿಕ್ಕಿಯೊಳಗಿನ ಡಬ್ಬಿ

26 ಅಕ್ಟೋಬರ್ 2025, ರವಿವಾರ

ಇವತ್ತು ಸೌಭಾಗ್ಯಳನ್ನು ನೋಡಲು ಬಬಲೇಶ್ವರದವರು ಬಂದಿದ್ದರು. ಹುಡುಗ ಸಂಗು, ಅವನ ಅಪ್ಪ ಶಿವಶರಣಪ್ಪನವರು, ಅಜ್ಜಿ ನೀಲಾಬಾಯಿ. ಹುಡುಗನದು ಡ್ರಿಪ್ ಪೈಪಿನ ಅಂಗಡಿ, ಮನೆಯದು ಎಂಟೆಕರೆ ದ್ರಾಕ್ಷಿ. ನನ್ನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವುದು ಅವರಿಗೆ ಅಡ್ಡಿಯಿಲ್ಲ. ಮದುವೆಯಾದ ಮೇಲೂ ಮಾಡಲಿ ಎಂದು ಹುಡುಗನೇ ಹೇಳಿದ. ಇಂಥ ಮನೆತನ ಮತ್ತೆ ಸಿಗುವುದಿಲ್ಲ. ಸೌಭಾಗ್ಯಳಿಗೂ ಒಪ್ಪಿಗೆ ಇದೆ ಎಂದು ಶೈಲಾ ಹೇಳಿದಳು. ತಾಯಿಗೆ ಗೊತ್ತಾಗುತ್ತದೆ.

ಚಹಾ ಆದ ಮೇಲೆ ಅಜ್ಜಿ ಮೊಮ್ಮಗ ಜೋರಾಪುರ ಪೇಟೆಯಲ್ಲಿ ಯಾರನ್ನೋ ಮಾತಾಡಿಸಲು ಹೋದರು. ಶಿವಶರಣಪ್ಪನವರು ತಿಕೋಟಾದಲ್ಲಿ ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜ್ ನೋಡಬೇಕೆಂದರು. ಅವರ ಮಣೂಕ, ಅಂದರೆ ಒಣದ್ರಾಕ್ಷಿ, ಇಡಲು ಜಾಗ ಬೇಕಂತೆ. ನಾನು ಸ್ಕೂಟರಿನಲ್ಲಿ ಮುಂದೆ, ಅವರು ಕಾರಿನಲ್ಲಿ ಹಿಂದೆ. ತೋರಿಸಿಕೊಂಡು ತಿರುಗಿ ಬರುವಾಗ ಬೈಪಾಸಿನಲ್ಲಿ ಅವರು ಕಾರು ನಿಧಾನ ಮಾಡಿ, ಕಿಟಕಿಯ ಗಾಜು ಇಳಿಸಿ ಕೇಳಿದರು.

"ಬೀಗರ, ಇದೇನ್ರಿ ಇಲ್ಲೆ ಹೊಸಾದು ಆಗೇತಿ?"

ಇನ್ನೂ ಏನೂ ಗಟ್ಟಿಯಾಗಿಲ್ಲ, ಆಗಲೇ ಬೀಗರು ಎಂದುಬಿಟ್ಟರು! ನನ್ನ ಎದೆ ಉಬ್ಬಿತು. ಅದು ಹೊಸ ಬಾರು. ಬೀರನ್ನು ಅಲ್ಲೇ ತಯಾರು ಮಾಡಿ ಕೊಡುತ್ತಾರೆಂದು ಪೇಪರಿನಲ್ಲಿ ಬಂದಿತ್ತು. ದೊಡ್ಡವರು ಬಾಯಿಬಿಟ್ಟು ಕೇಳುವುದಿಲ್ಲ, ಇದೇನು ಅದೇನು ಎನ್ನುತ್ತಾರೆ, ನಾವು ತಿಳಿದುಕೊಳ್ಳಬೇಕು. ಹುಡುಗಿಯ ಅಪ್ಪನಾಗಿ ಅಷ್ಟೂ ತಿಳಿಯದಿದ್ದರೆ ಹೇಗೆ? "ಬರ್ರಿ, ಒಳಗ ಹೋಗೂಣು," ಎಂದೆ. "ಅಯ್ಯ, ಬ್ಯಾಡ ಬಿಡ್ರಿ," ಎಂದರು. ಮತ್ತೆ ಕರೆದೆ. ಮತ್ತೆ ಬೇಡವೆಂದರು. ಮೂರನೆಯ ಸಲಕ್ಕೆ ಒಪ್ಪಿಕೊಂಡರು. ಎರಡು ಸಲ ಒಲ್ಲೆ ಎನ್ನುವುದು ಮನೆತನಸ್ಥರ ಲಕ್ಷಣ.

ನಾನು ಕುಡಿದವನಲ್ಲ. ಐವತ್ತೆರಡು ವರ್ಷ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಮೈಮೇಲೆ ಲಿಂಗ ಇಟ್ಟುಕೊಂಡು ಅದನ್ನು ಮುಟ್ಟುವುದು ಹೇಗೆ? ಗಾಡಿ ನಿಲ್ಲಿಸುವ ನೆವದಲ್ಲಿ ಹಿಂದೆ ಉಳಿದು, ಶಿವದಾರ ತೆಗೆದು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಗಾಡಿ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಶಿವಶರಣಪ್ಪನವರೂ ಕಾರಿನಿಂದ ಇಳಿಯಲು ಬಹಳ ಹೊತ್ತು ಮಾಡಿದರು. ಒಳಗೆ ಕುಳಿತಾಗ ನೋಡುತ್ತೇನೆ, ಅವರ ಅಂಗಿಯ ಮೇಲಿನ ಗುಂಡಿ ತೆರೆದಿದೆ, ಕೊರಳಲ್ಲಿ ದಾರವೇ ಇಲ್ಲ. ಈಗಿನ ಕಾಲದವರು, ಇದನ್ನೆಲ್ಲ ಬಿಟ್ಟಿದ್ದಾರೆ ಎಂದುಕೊಂಡೆ. ಒಂದು ರೀತಿಯಲ್ಲಿ ಸಮಾಧಾನವಾಯಿತು.

ರೇಟಿನ ಪುಸ್ತಕ ಲಗ್ನಪತ್ರಿಕೆಯ ಹಾಗೆ ದಪ್ಪವಾಗಿತ್ತು. ಒಂದು ಗ್ಲಾಸಿಗೆ ನಾಲ್ಕುನೂರ ಹತ್ತು. ಇದು ಕಂಪನಿ ಬಾಟಲಿ ಅಲ್ಲ ಸರ್, ಕ್ರಾಫ್ಟ್ ಬೀರು, ಕೈಯಿಂದ ಮಾಡಿದ್ದು ಎಂದ ವೇಟರ್. ನಮ್ಮ ಮನೆಯಲ್ಲಿ ರೊಟ್ಟಿಯನ್ನೂ ಕೈಯಿಂದಲೇ ಮಾಡುತ್ತಾರೆ! ಮಣೂಕ ಹಾಕಿದ್ದು ಒಂದಿದೆಯಂತೆ, ಅದಕ್ಕೆ ನಾಲ್ಕುನೂರ ಅರವತ್ತು. ನಾನು ದಿನವಿಡೀ ಕಾಲಲ್ಲಿ ದಾಟುವ ಮಣೂಕ. ಮಸಾಲೆ ಶೇಂಗಾ ಒಂದು ಬಟ್ಟಲಿಗೆ ಎರಡುನೂರ ನಲವತ್ತು. ಶೇಂಗಾ, ಬರೀ ಶೇಂಗಾ! ಎರಡೆರಡು ಗ್ಲಾಸು ಕುಡಿದೆವು. ಬಹಳ ಕಹಿ. ಬೇವಿನ ಕಷಾಯಕ್ಕೆ ಯಾರೋ ನೊರೆ ಹಚ್ಚಿದ ಹಾಗಿತ್ತು. ಟ್ಯಾಕ್ಸು, ಸರ್ವಿಸ್ ಚಾರ್ಜು ಸೇರಿ ಎರಡು ಸಾವಿರದ ಮುನ್ನೂರು. ಅವರು ಪಾಕೀಟಿಗೆ ಕೈ ಹಾಕಿದರು. ಹುಡುಗಿಯ ಕಡೆಯವನು ಬೀಗರಿಂದ ಕೊಡಿಸಿಕೊಳ್ಳುವುದುಂಟೇ? ನಾನೇ ಕೊಟ್ಟೆ.

ಬಾಯಿಯ ವಾಸನೆ ಹೋಗುವ ತನಕ ಲಿಂಗ ಕಟ್ಟಿಕೊಳ್ಳಬಾರದೆಂದು ನನಗೆ ನಾನೇ ನೇಮ ಹಾಕಿಕೊಂಡೆ. ಊಟವಾದ ಮೇಲೆ ಕೆಳಗೆ ಹೋಗಿ ಡಿಕ್ಕಿಯಿಂದ ತಂದೆ. ನಾಚಿಕೆಯಾಯಿತು. ಮಗಳ ಸಲುವಾಗಿ ಮಾಡಿದ್ದು, ಒಂದು ಸಲ.

28 ಅಕ್ಟೋಬರ್, ಮಂಗಳವಾರ

ತಿಕೋಟಾದಲ್ಲಿ ಕಾಯಿಪಲ್ಲೆ ಮಾರುವ ಮಾಳವ್ವನ ಹತ್ತಿರ ಟೊಮ್ಯಾಟೊ ತೆಗೆದುಕೊಂಡೆ. ಐದು ರೂಪಾಯಿ ಕಡಿಮೆ ಮಾಡು ಎಂದು ಹತ್ತು ನಿಮಿಷ ಚೌಕಾಸಿ ಮಾಡಿದೆ. "ತಗೋ ಯಪ್ಪಾ, ನಿನ್ನ ಐದು ರೂಪಾಯಿದಾಗ ನಾ ಮಾಳಿಗಿ ಕಟ್ಟಾಂಗಿಲ್ಲ," ಎಂದು ಕೊಟ್ಟಳು. ಮನೆಗೆ ಬರುವಾಗ ನಾಲ್ಕುನೂರ ಹತ್ತು ನೆನಪಾಯಿತು. ಯಾಕೆ ನೆನಪಾಯಿತೋ.

ಶೈಲಾಳ ಚಶ್ಮಾದ ನಂಬರು ಬದಲಾಗಿದೆ. ಹೊಸದಕ್ಕೆ ಎರಡು ಸಾವಿರದ ಮೇಲೆ ಹೇಳಿದ್ದಾರೆ. ಮುಂದಿನ ತಿಂಗಳು ನೋಡೋಣ ಎಂದೆ.

6 ನವೆಂಬರ್, ಗುರುವಾರ

ಶಿವಶರಣಪ್ಪನವರು ಮಣೂಕದ ಬಾಕ್ಸು ತಂದು ಇಟ್ಟರು. ಕೆಲಸ ಮುಗಿದಾಗ ಮೂರೂವರೆ. ಹಾಗೇ ಕಳಿಸಿದರೆ ಹೋದ ಸಲ ಕರೆದದ್ದು ಬರೀ ತೋರಿಕೆ ಎಂದಾಗುತ್ತದೆ. "ಬೈಪಾಸಿಗೆ ಹೋಗೂಣೇನ್ರಿ?" ಎಂದೆ. ಅವರು ನನ್ನ ಮುಖ ನೋಡಿದರು. "ನಿಮಗ ಬೇಕಂದ್ರ ನಡೀರಿ," ಎಂದರು. ಎಷ್ಟು ನಯವಾಗಿ ನನ್ನ ಮೇಲೆ ಹಾಕಿದರು!

ಅಲ್ಲಿ ಯಾವುದು ಬೇಕೆಂದು ವೇಟರ್ ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗಂತೂ ಅವಮಾನವಾಯಿತು. ಬೀಗರನ್ನು ಕರೆದುಕೊಂಡು ಬಂದವನಿಗೆ ಅಷ್ಟೂ ಗೊತ್ತಿರಬೇಡವೇ? ಮಣೂಕದ್ದೇ ತರಿಸಿದೆ. ಇದು ಅಷ್ಟು ಕಹಿಯಿಲ್ಲ.

12 ನವೆಂಬರ್, ಬುಧವಾರ

ಇವತ್ತು ಒಬ್ಬನೇ ಹೋಗಿದ್ದೆ, ಕಲಿಯಲಿಕ್ಕೆ. ಮುಂದಿನ ಸಲ ಬೀಗರ ಮುಂದೆ ಪೆದ್ದನಾಗಬಾರದು. ವೇಟರ್ ಒಳ್ಳೆಯ ಮನುಷ್ಯ, ತಾಮ್ರದ ಹಂಡೆಗಳನ್ನು ಗಾಜಿನಿಂದ ತೋರಿಸಿ ಎಲ್ಲ ವಿವರಿಸಿದ. ಗೋಧಿಯದರಲ್ಲಿ ಬಾಳೆಹಣ್ಣಿನ ವಾಸನೆ ಬರುತ್ತದೆ. ಕಪ್ಪನೆಯದು ಹುರಿದ ಜೋಳದ ಹಾಗೆ. ಬಾಯಲ್ಲಿ ಸ್ವಲ್ಪ ಹಿಡಿದು ನುಂಗಬೇಕಂತೆ. ನಾಲ್ಕರಿಂದ ಆರರವರೆಗೆ ಒಂದಕ್ಕೆ ಒಂದು ಪುಕ್ಕಟೆ. ಅಂದರೆ ಆ ಹೊತ್ತಿನಲ್ಲಿ ಹೋದರೆ ನಾಲ್ಕುನೂರ ಹತ್ತು ಉಳಿಯುತ್ತದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟು ಉಳಿಸಬಹುದಿತ್ತು!

ಕಾರ್ತಿಕ ಮಾಸ. ಸೋಮವಾರ ಮಾತ್ರ ಮುಟ್ಟುವುದಿಲ್ಲ, ಏನೇ ಆಗಲಿ.

ಲೋಡು ಬಂದಿತ್ತು, ತಡವಾಯಿತು ಎಂದು ಶೈಲಾಳಿಗೆ ಹೇಳಿದೆ. ಪಾಪ, ಬಿಸಿರೊಟ್ಟಿ ಮಾಡಿಕೊಟ್ಟಳು.

15 ನವೆಂಬರ್, ಶನಿವಾರ

ಜೀವ ಹೋಗಿ ಬಂತು. ಬಾರಿನಿಂದ ಬಂದು ಕೈಕಾಲು ತೊಳೆಯುತ್ತಿದ್ದೆ, ಸೌಭಾಗ್ಯ ಕೀಲಿ ತೆಗೆದುಕೊಂಡು ಸ್ಕೂಟರ್ ಒಯ್ದುಬಿಟ್ಟಳು. ಲಿಂಗ ಡಿಕ್ಕಿಯಲ್ಲಿತ್ತು. ಅರ್ಧ ಗಂಟೆ ಬಾಗಿಲಲ್ಲಿ ನಿಂತಿದ್ದೆ. ಬಂದವಳು ಕೀಲಿ ಕೈಗಿಟ್ಟು, "ಪೆಟ್ರೋಲ್ ಹಾಕಿಸ್ಕೊಂಡು ಬಂದೀನಪ್ಪಾ," ಎಂದು ಒಳಗೆ ಹೋದಳು. ನಮ್ಮ ಗಾಡಿಗೆ ಸೀಟು ಎತ್ತಿಯೇ ಪೆಟ್ರೋಲ್ ಹಾಕಬೇಕು. ಆದರೆ ಎಣ್ಣೆ ಹತ್ತಿದ ಹಳದಿ ಬಟ್ಟೆಯನ್ನು ಯಾರು ಬಿಚ್ಚಿ ನೋಡುತ್ತಾರೆ? ಮುಖದಲ್ಲಿ ಏನೂ ಕಾಣಲಿಲ್ಲ. ಬದುಕಿದೆ.

19 ನವೆಂಬರ್, ಬುಧವಾರ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಸೋಲಾಪುರದ ಖರೀದಿ ಪಾರ್ಟಿ ಸಂಜೆ ಐದಕ್ಕೆ ಮಾಲು ನೋಡಲು ಬರುತ್ತೇನೆಂದಿದ್ದ. ನಡುವೆ ಬಿಡುವಿತ್ತು, ಪೇಟೆಯಲ್ಲಿ ಕೆಲಸವಿದೆ ಎಂದು ಬೈಪಾಸಿಗೆ ಹೋಗಿ ತಿರುಗಿ ತಿಕೋಟಾಕ್ಕೆ ಬಂದೆ. ಲಾಡಲೇಸಾಬ ಬಾಗಿಲು ತೆಗೆದ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಮಣೂಕ ಆರಿಸುವವನು. ಮೂಗಿನಿಂದಲೇ ಮಾಲು ಹೇಳುತ್ತಾನೆ. ನಾನು ಒಳಗೆ ಕಾಲಿಡುತ್ತಲೇ ಮೂಗು ಏರಿಸಿದ.

"ಸಾಹೇಬ್ರ, ಎಲ್ಲೋ ಮಾಲ ಹುಳಿ ಹಿಡದೇತ್ರಿ. ವಾಸನಿ ಬರಾಕತ್ತೇತಿ."

ಅದು ಮಾಲಿನದಲ್ಲ, ನನ್ನ ಬಾಯಿಯದು. ಆಗ ಸುಮ್ಮನಿರಬೇಕಿತ್ತು. ಆದರೆ ನಾನು ಸೂಪರ್‌ವೈಸರ್ ಅಲ್ಲವೇ, ದನಿ ಏರಿಸಿ, "ನೋಡ್ತಿ ಏನು, ಬಾಕ್ಸ್ ತೆಗಿ!" ಎಂದೆ. ಅರವತ್ತು ದಾಟಿದ ಮುದುಕ ಆ ಥಂಡಿಯಲ್ಲಿ ಶಾಲು ಹೊದ್ದು ಒಂದೊಂದೇ ಬಾಕ್ಸು ಇಳಿಸಿ, ಬಿಚ್ಚಿ, ಮೂಸಿ, ಮತ್ತೆ ಕಟ್ಟಿದ. ನಲವತ್ತು ಬಾಕ್ಸು. ನಾನು ಬಾಯಿ ಮುಚ್ಚಿಕೊಂಡು ದೂರ ನಿಂತಿದ್ದೆ. ಇಪ್ಪತ್ತರ ಸುಮಾರಿಗೆ ಅವನು ಒಮ್ಮೆ ನನ್ನ ಕಡೆ ತಿರುಗಿ ನೋಡಿದ. ಆಗಲೇ ಅವನಿಗೆ ತಿಳಿದಿರಬೇಕು. ಆದರೂ ಉಳಿದ ಇಪ್ಪತ್ತನ್ನೂ ತೆಗೆದ.

"ಮಾಲ ಬರೋಬ್ಬರಿ ಐತ್ರಿ," ಎಂದ ಕೊನೆಗೆ. ಪಾರ್ಟಿ ಬರುವ ಮೊದಲು ಕಿಸೆಯಿಂದ ಎರಡು ಯಾಲಕ್ಕಿ ತೆಗೆದು ನನ್ನ ಅಂಗೈಯಲ್ಲಿಟ್ಟು ಹೋದ.

ನಾನು ಎಂಥ ನಾಚಿಕೆಗೆಟ್ಟವನು. ಅವನ ಮುಖ ನೋಡುವುದು ಹೇಗೆ ನಾಳೆ? ಇನ್ನು ಮೇಲೆ ಕೆಲಸದ ನಡುವೆ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆಯೇ.

21 ನವೆಂಬರ್, ಶುಕ್ರವಾರ

ಶಿವಶರಣಪ್ಪನವರು ಬಾಡಿಗೆ ಕೊಡಲು ಬಂದಿದ್ದರು. ಮೂರನೆಯ ಸಲ ಕರೆದುಕೊಂಡು ಹೋದೆ. ಯಾಕೋ ಮಾತು ಕಡಿಮೆ. ಲಗ್ನದ ಸುದ್ದಿ ಎತ್ತಿದರೆ, "ಅವ್ವನ್ನ ಕೇಳಬೇಕ್ರಿ," ಎನ್ನುತ್ತಾರೆ. ಅರ್ಧ ಗ್ಲಾಸು ಬಿಟ್ಟು ಎದ್ದರು. ಅವರು ಕಾರಿನ ಕಡೆ ಹೋದ ಮೇಲೆ ಅದನ್ನು ನಾನೇ ಮುಗಿಸಿದೆ. ಎರಡುನೂರು ರೂಪಾಯಿಯ ಮಾಲು ಚೆಲ್ಲಲಿಕ್ಕಾಗುತ್ತದೆಯೇ? ಬೀಗರ ಎಂಜಲು ಎಂಜಲಲ್ಲ.

ಕರಡಿಗೆಗೆ ಗ್ರೀಸು ಹತ್ತಿತ್ತು. ಒರೆಸಿದೆ, ಪೂರ್ತಿ ಹೋಗಲಿಲ್ಲ.

24 ನವೆಂಬರ್, ಸೋಮವಾರ

ಒಂದೇ ಗ್ಲಾಸು. ಕಾರ್ತಿಕ ಮುಗಿದು ನಾಲ್ಕು ದಿನವಾಯಿತು.

ಡಿಕ್ಕಿಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು, ಒಳಗೆ ಹತ್ತಿ ಹಾಸಿದ್ದು. ಸೌಭಾಗ್ಯಳ ಔಷಧಿ ಅಂಗಡಿಯದಿರಬೇಕು, ಮರೆತಿದ್ದಾಳೆ. ಲಿಂಗವನ್ನು ಅದರಲ್ಲೇ ಇಟ್ಟೆ. ಅನುಕೂಲವಾಯಿತು.

3 ಡಿಸೆಂಬರ್, ಬುಧವಾರ

ಬಬಲೇಶ್ವರದಿಂದ ಸುದ್ದಿಯಿಲ್ಲ. ನಾನು ಇಷ್ಟೆಲ್ಲ ಖರ್ಚು ಮಾಡಿದ್ದೇನೆ, ಒಂದು ಫೋನ್ ಮಾಡಲು ಅವರಿಗೇನು? ಹದಿನಾರಕ್ಕೆ ಧನುರ್ಮಾಸ ಕೂಡುತ್ತದೆ, ಆಮೇಲೆ ಸಂಕ್ರಾಂತಿಯ ತನಕ ಮಾತೇ ಇಲ್ಲ. ಸೌಭಾಗ್ಯ ಊಟ ಸರಿಯಾಗಿ ಮಾಡುತ್ತಿಲ್ಲ. ಏನಾಯಿತು ಎಂದರೆ, "ಏನಿಲ್ಲಪ್ಪಾ," ಎನ್ನುತ್ತಾಳೆ. ಈ ಚಿಂತೆಯಲ್ಲಿ ಎರಡು ಗ್ಲಾಸಾಯಿತು. ಇವತ್ತಿನ ಮಣೂಕದ್ದು ನೀರು ನೀರಾಗಿತ್ತು. ವೇಟರನಿಗೆ ಗದರಿಸಿದೆ. ಈ ರೇಟಿಗೆ ಇಂಥದ್ದು ಕೊಟ್ಟರೆ ಯಾರು ಬರುತ್ತಾರೆ?

ಶೈಲಾ ಅಕ್ಕಿಯಲ್ಲಿಯ ಹರಳು ಕಾಣದೆ ಹಾಗೇ ಬೇಯಿಸಿದ್ದಳು. ಹಲ್ಲಿಗೆ ಸಿಕ್ಕಿತು. ರೇಗಿದೆ. "ಚಶ್ಮಾ ಮಬ್ಬ ಆಗೇತ್ರಿ, ಏನ್ ಮಾಡ್ಲಿ," ಎಂದಳು. ಮುಂದಿನ ತಿಂಗಳು ಖಂಡಿತ ಕೊಡಿಸಬೇಕು.

10 ಡಿಸೆಂಬರ್, ಬುಧವಾರ

ಫೋನ್ ಬಂತು! ರವಿವಾರ ಮಧ್ಯಾಹ್ನ ನಾನು, ಶೈಲಾ ಇಬ್ಬರೂ ಬಬಲೇಶ್ವರಕ್ಕೆ ಬರಬೇಕಂತೆ. "ಒಂದು ಮಾತ ಕೇಳೂದೈತಿ," ಎಂದರು ಶಿವಶರಣಪ್ಪನವರು. ದನಿಯಲ್ಲಿ ಸಲಿಗೆ ಇರಲಿಲ್ಲ. ಏನು ಕೇಳುತ್ತಾರೆ? ಬಂಗಾರವೇ? ಕಾರೇ? ಅಂಥವರಲ್ಲ ಎನಿಸುತ್ತದೆ.

14 ಡಿಸೆಂಬರ್, ರವಿವಾರ

ಎಲ್ಲವನ್ನೂ ಬರೆಯುತ್ತೇನೆ. ಯಾರಿಗೂ ಅಲ್ಲ, ನನಗೆ.

ತಿಕೋಟಾದಲ್ಲಿ ಬೆಳಿಗ್ಗೆ ಒಂದು ಲಾರಿ ತುಂಬಿಸಬೇಕಿತ್ತು. ಶೈಲಾ ಬಸ್ಸಿಗೆ ಹೋಗುವುದು, ನಾನು ಸ್ಕೂಟರಿನಲ್ಲಿ ಆ ಕಡೆಯಿಂದ ಬರುವುದು ಎಂದಾಗಿತ್ತು. ಲಾರಿ ಹನ್ನೊಂದಕ್ಕೇ ತುಂಬಿತು. ಅಲ್ಲಿಂದ ನೇರ ಹೋಗಬಹುದಿತ್ತು. ಆದರೆ ಏನು ಕೇಳುತ್ತಾರೋ ಎಂಬ ಅಂಜಿಕೆ ಬಿಡಲಿಲ್ಲ. ಧೈರ್ಯಕ್ಕೆ ಒಂದು ಗ್ಲಾಸು ಎಂದು ತಿರುಗಿ ಬೈಪಾಸಿಗೆ ಬಂದೆ. ಲಿಂಗ ಡಬ್ಬಿಯಲ್ಲಿಟ್ಟೆ. ಒಂದೇ ಗ್ಲಾಸು. ಯಾಲಕ್ಕಿ ಅಗಿಯುತ್ತ ಬಬಲೇಶ್ವರಕ್ಕೆ ಹೋದೆ.

ಶೈಲಾ ಆಗಲೇ ಬಂದು ನೀಲಾಬಾಯಿಯವರ ಪಕ್ಕದಲ್ಲಿ ಕುಳಿತಿದ್ದಳು. ಸಂಗು ಬಾಗಿಲಲ್ಲಿ ನಿಂತಿದ್ದ. ನೀರು ಕೊಟ್ಟರು. ಶಿವಶರಣಪ್ಪನವರು ಗಂಟಲು ಸರಿಮಾಡಿಕೊಂಡರು.

"ಸಿಟ್ಟಿಗೇಳಬ್ಯಾಡ್ರಿ. ನಿಮಗ ಕುಡಿಯೂ ಚಟಾ ಐತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಶೈಲಾ, "ಅಯ್ಯ ಶಿವನ! ಇವ್ರಾ? ಮಜ್ಜಿಗಿ ಹುಳಿ ಆದ್ರ ಸೈತ ಮುಟ್ಟಾಂಗಿಲ್ರಿ ಇವ್ರು!" ಎಂದಳು.

"ತಂಗೀ, ಮೂರು ಸಲ ನನ್ನ ಕರಕೊಂಡ ಹೋಗ್ಯಾರ. ಕೊರಳಾಗ ಲಿಂಗಾನೂ ಇರಲಿಲ್ಲ. ಲಿಂಗ ಇಲ್ಲದ ಮನ್ಯಾಗಿಂದ ಹೆಣ್ಣ ತರೂದು ಹೆಂಗ ಅಂತ ಅವ್ವ ಹಟಾ ಹಿಡದಾಳ."

ಶೈಲಾ ನನ್ನ ಕಡೆ ತಿರುಗಿದಳು. ನಾನೆಂದೆ, "ನಿಮ್ಮ ಸಲುವಾಗಿ ಹೋಗಿದ್ನಿರಿ! ನಿಮಗ ಬೇಕಂತ ತಿಳಕೊಂಡೆ. ನಿಮ್ಮ ಕೊರಳಾಗೂ ಲಿಂಗ ಇರಲಿಲ್ಲಲ್ರಿ!"

"ನಾ ತಗದು ಕಾರಿನ್ಯಾಗ ಇಟ್ಟಿದ್ನಿ! ನೀವು ಕರದ್ರಿ, ಒಲ್ಲೆ ಅಂದ್ರ ಹುಡುಗೀ ಅಪ್ಪಗ ಅವಮಾನ ಮಾಡಿದಂಗ ಆಕ್ಕೇತಿ ಅಂತ ಬಂದ್ನಿ. ನಾ ಎಲ್ಲೆ ಕೇಳಿದ್ನಿ ಕುಡಿಯೂಣು ಅಂತ?"

"ಇದೇನ್ರಿ ಹೊಸಾದು ಅಂತ ಕೇಳಿದ್ರೆಲ್ಲ?"

"ಅಯ್ಯ ಯಪ್ಪಾ! ಅದು ನಮ್ಮ ಸಡ್ಡಕನ ಪ್ಲಾಟ್ ಇತ್ತು. ಯಾರು ತಗೊಂಡ್ರೋ ಅಂತ ಕೇಳಿದ್ನಿ!"

ಮೊದಲು ಸಂಗು ನಕ್ಕ. ಶಿವಶರಣಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. ಶೈಲಾ ಕಣ್ಣೊರೆಸಿಕೊಂಡು ನಕ್ಕಳು. ಶಿವಶರಣಪ್ಪನವರೂ ನನ್ನ ಹಾಗೆಯೇ ಕಹಿ ನುಂಗಿದ್ದರಂತೆ, ತಾಯಿಯ ಮುಂದೆ ತಪ್ಪೊಪ್ಪಿಕೊಂಡು ಬೈಸಿಕೊಂಡಿದ್ದರಂತೆ. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ದೇವರೇ, ಎಲ್ಲ ಸರಿಹೋಯಿತು ಎಂದುಕೊಂಡೆ.

ನೀಲಾಬಾಯಿ ಮಾತ್ರ ನಗಲಿಲ್ಲ. "ಇಬ್ರಿಗೂ ಬುದ್ಧಿ ಇಲ್ಲ. ಆದದ್ದು ಆತು. ಇಬ್ರೂ ಲಿಂಗಾ ಮುಟ್ಟಿ ಹೇಳ್ರಿ, ಬೀಗನ ಸಲುವಾಗಿ ಕುಡದ್ನಿ, ಇನ್ನ ಮುಟ್ಟಾಂಗಿಲ್ಲ ಅಂತ. ಮುಂದಿನ ಮಾತ ಆಡೂಣು."

ಶಿವಶರಣಪ್ಪನವರು ಅಂಗಿಯೊಳಗಿಂದ ಕರಡಿಗೆ ಹೊರಗೆ ತೆಗೆದರು. ಕಣ್ಣಿಗೊತ್ತಿಕೊಂಡು ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು.

ನನ್ನ ಕೈ ತಾನಾಗಿಯೇ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಗೊತ್ತಿದ್ದೂ ಹುಡುಕಿದೆ. ಅಂಗಿಯ ಗುಂಡಿಯ ಸಂದಿಯಲ್ಲಿ ಬೆರಳು ಹಾಕಿ ತಡಕಾಡಿದೆ. ಶೈಲಾ ಆ ಮಬ್ಬು ಚಶ್ಮಾದಲ್ಲಿ ಮುಂದಕ್ಕೆ ಬಗ್ಗಿ ನೋಡಿದಳು.

"ಯಾಕ್ರೀ, ದಾರ ಸಿಗವಲ್ದೇನು?" ಎಂದಳು.

ಅವಳ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಅದೊಂದು ಮಾತು ಇರದಿದ್ದರೆ ನಾನು ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ. ಸ್ನಾನಕ್ಕೆ ತೆಗೆದಿಟ್ಟು ಮರೆತೆ ಎನ್ನುವ ಮಾತು ತುಟಿಯ ತನಕ ಬಂದಿತ್ತು. ಎದ್ದು ಹೊರಗೆ ಹೋದೆ. ಸ್ಕೂಟರಿನ ಸೀಟು ಎತ್ತಿದೆ. ಡಬ್ಬಿ ತೆಗೆದುಕೊಂಡು ಒಳಗೆ ಬಂದು ನೀಲಾಬಾಯಿಯವರ ಮುಂದೆ ನಿಂತೆ.

"ಮೂರು ಸಲ ಬೀಗರ ಸಲುವಾಗಿ ಹೋಗಿದ್ನಿರಿ. ಹನ್ನೊಂದು ಸಲ ನನ್ನ ಸಲುವಾಗಿ. ಇವತ್ತೂ ಹೋಗಿ ಬಂದೀನಿ," ಎಂದೆ.

ಲಿಂಗ ಕೈಯಲ್ಲಿ ಹಿಡಿದು ನಿಂತಿದ್ದೆ, ಕಟ್ಟಿಕೊಳ್ಳಲು ಧೈರ್ಯವಿಲ್ಲ. ನೀಲಾಬಾಯಿ ಲಿಂಗದ ಕಡೆ ನೋಡಿ ಎಂದರು:

"ಬಿಚ್ಚಿಡಾಕ ನಾಚಿಕಿ ಬರಲಿಲ್ಲ, ಕಟ್ಟಿಕೊಳ್ಳಾಕ ನಾಚಾಕತ್ತೀಯಲ್ಲೋ ತಮ್ಮಾ. ಸಂಗೂ, ಇವಗ ಬಾಯಿ ಮುಕ್ಕಳಸಾಕ ನೀರ ಕೊಡು."

ಅಳಿಯನಾಗಬೇಕಾದ ಹುಡುಗ ಹಿತ್ತಲಲ್ಲಿ ತಂಬಿಗೆಯಿಂದ ನನ್ನ ಕೈಗೆ ನೀರು ಹಾಕಿದ. ಬಾಯಿ ಮುಕ್ಕಳಿಸಿ ಲಿಂಗ ಕಟ್ಟಿಕೊಂಡೆ. ಅವನು ಬೇರೆ ಕಡೆ ನೋಡುತ್ತ ನಿಂತಿದ್ದ, ನನ್ನ ಮರ್ಯಾದೆ ಉಳಿಸಲಿಕ್ಕೆ. ಇಷ್ಟು ಒಳ್ಳೆಯ ಹುಡುಗ. "ತಿಳಿಸ್ತೀವ್ರಿ," ಎಂದರು ಶಿವಶರಣಪ್ಪನವರು. ಊಟಕ್ಕೆ ಏಳಿ ಎನ್ನಲಿಲ್ಲ.

ಶೈಲಾ ಸ್ಕೂಟರ್ ಹತ್ತಲಿಲ್ಲ. ಬಸ್ಸಿಗೆ ಬಂದಳು. ನಾನು ಬಸ್ಸಿನ ಹಿಂದೆಯೇ ಬಂದೆ.

15 ಡಿಸೆಂಬರ್, ಸೋಮವಾರ

ರಾತ್ರಿ ಬರೆದಿಟ್ಟ ಹನ್ನೊಂದು ಸಲ ಎನ್ನುವುದನ್ನು ಇವತ್ತು ಈ ಪುಟಗಳಲ್ಲಿ ಹುಡುಕಿದೆ. ಅರ್ಧವನ್ನೂ ಬರೆದೇ ಇಲ್ಲ. ನನಗೆ ನಾನೇ ಮುಚ್ಚಿಟ್ಟಿದ್ದೇನೆ.

ಸೌಭಾಗ್ಯಳಿಗೆ ಹೇಳಲು ಹೋದೆ. ಔಷಧಿ ಅಂಗಡಿಗೆ ಹೊರಟು ಜಡೆ ಹಾಕಿಕೊಳ್ಳುತ್ತಿದ್ದಳು. ತಪ್ಪಾಯಿತು, ನಿನ್ನ ಬಾಳು ಹಾಳು ಮಾಡಿದೆ ಎಂದೆ. ಡಬ್ಬಿಯ ಸುದ್ದಿ ನಾನು ಎತ್ತಲಿಲ್ಲ, ಅವಳೇ ಎತ್ತಿದಳು.

"ಎಣ್ಣಿ ಗ್ರೀಸು ಹತ್ತಿತ್ತಪ್ಪಾ ಲಿಂಗಕ್ಕ. ಆ ಹಳದಿ ಅರಬ್ಯಾಗ ಸುತ್ತಿ ಇಟ್ಟಿದ್ದಿ. ನೋಡಾಕ ಆಗಲಿಲ್ಲ ನನಗ. ಅದಕ್ಕ ಡಬ್ಬಿ ಇಟ್ನಿ."

ಎರಡು ದಿನಕ್ಕೊಮ್ಮೆ ಹತ್ತಿಯನ್ನೂ ಅವಳೇ ಬದಲಿಸುತ್ತಿದ್ದಳಂತೆ. ಹತ್ತಿ ಯಾವಾಗಲೂ ಬೆಳ್ಳಗೆ ಇರುತ್ತಿದ್ದುದನ್ನು ನಾನು ಗಮನಿಸಿಯೇ ಇರಲಿಲ್ಲ.

"ಯಾಕ ಹೇಳಲಿಲ್ಲವ್ವಾ?"

"ಏನಂತ ಹೇಳ್ಲೆಪ್ಪಾ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

17 ಡಿಸೆಂಬರ್, ಬುಧವಾರ

ಹೋಗಲಿಲ್ಲ. ನಾಲ್ಕು ಗಂಟೆಗೆ ಬಾಯಲ್ಲಿ ನೀರು ಬಂತು. ಇದನ್ನೂ ಬರೆದಿಡುತ್ತೇನೆ.

ಶೈಲಾಳನ್ನು ಚಶ್ಮಾದಂಗಡಿಗೆ ಕರೆದುಕೊಂಡು ಹೋದೆ. ಎರಡು ಸಾವಿರದ ಇನ್ನೂರು, ಆ ಮೊದಲನೆಯ ದಿನದ ಬಿಲ್ಲಿಗಿಂತ ನೂರು ಕಡಿಮೆ. ಹೊಸದು ಹಾಕಿಕೊಂಡು ಮೊದಲು ನನ್ನ ಮುಖ ನೋಡಿದಳು. "ಭಾಳ ಸೊರಗೀರಿ," ಎಂದಳು. ನಾಲ್ಕು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು.

ಲಾಡಲೇಸಾಬನಿಗೆ ಆ ನಲವತ್ತು ಬಾಕ್ಸಿನ ತಪ್ಪು ಹೇಳಿಕೊಂಡೆ. "ಬಿಡ್ರಿ ಸಾಹೇಬ್ರ, ಮಾಲ ಗಾಳಿಗೆ ಬಿದ್ದು ಚೊಲೋನ ಆತು," ಎಂದ. ನನ್ನ ಕಣ್ಣು ತುಂಬಿದ್ದು ಥಂಡಿಗೆ ಎಂದುಕೊಂಡಿರಬೇಕು.

20 ಡಿಸೆಂಬರ್, ಶನಿವಾರ

ನೀಲಾಬಾಯಿ ಇವತ್ತು ಒಬ್ಬರೇ ಬಂದರು. ಬಸ್ಸಿಳಿದು ಆಟೋ ಮಾಡಿಕೊಂಡು ನಮ್ಮ ಜಲನಗರ ಕೇಳುತ್ತ ಕೇಳುತ್ತ ಬಂದಿದ್ದರು. ಕೈಯಲ್ಲಿ ಗಂಟು. ಬಿಚ್ಚಿದರೆ ನಿನ್ನೆಯ ಎಳ್ಳಮಾವಾಸ್ಯೆಯ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ. ಅದನ್ನು ಕಂಡು ನನ್ನ ಜೀವಕ್ಕೆ ಜೀವ ಬಂತು. ನಾನು ಮಾತಾಡಲು ಹೋದರೆ, "ನಿನ್ನ ಕೂಡ ಮಾತಿಲ್ಲ. ಹುಡುಗೀನ್ನ ಕರಿ," ಎಂದರು.

ಅಜ್ಜಿ, ಸೌಭಾಗ್ಯ ಒಳಗಿನ ಕೋಣೆಯಲ್ಲಿ ಕುಳಿತರು. ನಾನು ಪಡಸಾಲೆಯಲ್ಲಿ. ಕದ ತೆರೆದೇ ಇತ್ತು, ನನಗೆ ಕೇಳಲಿ ಎಂದೇ ಬಿಟ್ಟಿದ್ದರೋ ಏನೋ.

"ನಿಮ್ಮಪ್ಪ ಬಿಟ್ಟಾನೇನು?"

"ಆರು ದಿನಾ ಆತ್ರಿ ಆಯಿ, ಹೋಗಿಲ್ಲ."

"ಇನ್ನ ಮ್ಯಾಲೆ ಹೋಗಾಂಗಿಲ್ಲ ಅಂತ ನಂಬೀಯೇನು?"

ನಾನು ಕದದ ಕಡೆ ಕಿವಿಗೊಟ್ಟೆ. ಹೌದು ಎನ್ನು ಮಗಳೇ, ಒಂದೇ ಒಂದು ಸುಳ್ಳು, ನಿನ್ನ ಸಲುವಾಗಿ.

"ಗೊತ್ತಿಲ್ರಿ ಆಯಿ," ಎಂದಳು. "ಡಬ್ಬಿ ಇನ್ನೂ ಡಿಕ್ಕಿಯೊಳಗ ಐತಿ. ನಾ ತಗದಿಲ್ಲ."

ನಾನು ತಲೆ ತಗ್ಗಿಸಿದೆ. ಬಬಲೇಶ್ವರದಲ್ಲಿ ಎಲ್ಲರ ಮುಂದೆ ನಿಂತಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

ನೀಲಾಬಾಯಿ ಹೊರಗೆ ಬಂದು ಸೆರಗು ಸರಿಮಾಡಿಕೊಂಡರು. ಶೈಲಾಳಿಗೆ ಹೇಳಿದರು: "ತನ್ನ ಲಗ್ನ ತಪ್ಪತೈತಿ ಅಂತ ಗೊತ್ತಿದ್ರೂ ಖರೇ ಮಾತ ಆಡತಾಳ. ಇಕಿ ಸಾಕು ನಮಗ. ಸಂಕ್ರಾಂತಿ ಮುಗೀಲಿ, ಬರ್ತೀವಿ." ನನ್ನ ಕಡೆ ಬೆರಳು ಮಾಡಿ, "ನಿನ್ನ ಮಾರಿ ನೋಡಿ ಅಲ್ಲ," ಎಂದರು.

ಶೈಲಾ ಅತ್ತಳು. ಸೌಭಾಗ್ಯ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು. ಅಜ್ಜಿಯನ್ನು ಬಸ್ಸಿಗೆ ಹತ್ತಿಸಿ ಬಂದು, ಸೀಟು ಎತ್ತಿ ಡಬ್ಬಿ ತೆಗೆದೆ. ಅದರಲ್ಲಿ ಹೊಸ ಹತ್ತಿ ಇತ್ತು, ಇವತ್ತು ಬೆಳಿಗ್ಗೆ ಹಾಕಿದ್ದಿರಬೇಕು. ಒಳಗೆ ತಂದು ಸೌಭಾಗ್ಯಳ ಕೈಗೆ ಕೊಟ್ಟೆ. "ಇದು ಇನ್ನ ಬ್ಯಾಡವ್ವಾ," ಎಂದೆ.

ಅವಳು ಮುಚ್ಚಳ ತೆಗೆದು ಒಳಗೆ ನೋಡಿದಳು. ಹತ್ತಿಯ ಮೇಲೆ ಲಿಂಗ ಇರಲಿಲ್ಲ. ಆಮೇಲೆ ನಿಧಾನವಾಗಿ ಕಣ್ಣೆತ್ತಿ ನನ್ನ ಕೊರಳಲ್ಲಿದ್ದ ಶಿವದಾರ ನೋಡಿದಳು.